ಒಂದ್ ಗಳಿಗೆ ನಂಜೇಶನ ಕರಟದ ಆ್ಯಪ್

ನಂಜನಗೂಡಿನಲ್ಲಿ ಕಪಿಲೆಗಿಂತ ನಿಧಾನವಾಗಿ ಹರಿಯುವುದು ಒಂದೇ ಒಂದು. ಅದು ಹಿಟ್ಟಿನ ಮಿಲ್ಲಿನ ಸೋಮಶೇಖರಪ್ಪನವರ ಮಗ ನಂಜೇಶ. ಅತಿಯಾಯಿತು ಎನ್ನುವವರು ಹೊಳೆಯನ್ನೇ ಕೇಳಿಕೊಂಡು ಬರಬಹುದು. ನಂಜೇಶ ಸ್ನಾನಘಟ್ಟದ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿಯುವಷ್ಟರಲ್ಲಿ ಕಪಿಲೆ ತಿರುಮಕೂಡಲು ಮುಟ್ಟಿ, ಕಾವೇರಿಯ ಕೈಹಿಡಿದು, ತಮಿಳು ಕಲಿತು, ಸಮುದ್ರ ಸೇರಿ, ಮೋಡವಾಗಿ ವಾಪಸು ಬಂದು ಅವನ ತಲೆಯ ಮೇಲೆಯೇ ಮಳೆ ಸುರಿಸಿರುತ್ತಾಳೆ.

ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಅವನ ನಾಲಿಗೆಯ ತುದಿಯಲ್ಲಿ ಒಂದು ಮಾತು ಬಾಡಿಗೆ ಕೊಡದೆ ಠಿಕಾಣಿ ಹೂಡಿತ್ತು, ಅಷ್ಟೆ. 'ಒಂದ್ ಗಳಿಗೆ.' ಏಳು ಎಂದರೆ ಒಂದ್ ಗಳಿಗೆ. ಊಟಕ್ಕೆ ಬಾ ಎಂದರೆ ಒಂದ್ ಗಳಿಗೆ. ಪುಸ್ತಕ ತೆಗಿ ಎಂದರೆ ಒಂದ್ ಗಳಿಗೆ. ಆ ಗಳಿಗೆಯಲ್ಲಿ ಫೋನಿನ ಗಾಜಿನ ಮೇಲೆ ಬೆರಳು ಜಾರುತ್ತಿತ್ತು. ಒಂದು ವಿಡಿಯೋ, ಅದರ ಬಾಲ ಹಿಡಿದುಕೊಂಡು ಇನ್ನೊಂದು. ತಲೆ ಎತ್ತಿ ನೋಡಿದರೆ ಬೆಳಗಿನ ಉಪ್ಪಿಟ್ಟು ಕಲ್ಲಾಗಿ, ಹೊರಗೆ ಸಂಜೆಯ ದೀಪ ಹತ್ತಿರುತ್ತಿತ್ತು. ಮಗುವಾಗಿದ್ದಾಗ ಬಿದ್ದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು ಕೂಡ ಒಂದ್ ಗಳಿಗೆ ಎಂದು ಹೇಳಿ ಎರಡು ವರ್ಷ ಹೊರಗೆ ಬರಲಿಲ್ಲ ಎಂದು ಅವನ ಅಜ್ಜಿ ಚನ್ನಬಸಮ್ಮ ಆಣೆ ಮಾಡಿ ಹೇಳುತ್ತಾರೆ.

ರೋಗ ವಂಶದ್ದೇ. ರಾಗಿ ಡಬ್ಬ ಹೊತ್ತು ತಂದವರಿಗೆ ಸೋಮಶೇಖರಪ್ಪನವರು ಬೆಲ್ಟು ಸರಿಮಾಡುತ್ತಾ "ಒಂದ್ ಗಳಿಗೆ ಕೂತ್ಕಳಿ" ಎನ್ನುತ್ತಾರೆ. ಹಾಗೆ ಮಿಲ್ಲಿನ ಜಗಲಿಯಲ್ಲಿ ಕೂತವರ ನಡುವೆಯೇ ಎರಡು ಮದುವೆ ಕುದುರಿವೆ, ಒಂದು ಗದ್ದೆ ಬದುವಿನ ಜಗಳ ರಾಜಿಯಾಗಿದೆ, ಹಿಟ್ಟು ಮಾತ್ರ ಇನ್ನೂ ಆಗಿಲ್ಲ. ನಂಜೇಶ ಊರಿನಲ್ಲಿ ಕಾಲೇಜಿದ್ದೂ ಟಿ. ನರಸೀಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದುದಕ್ಕೂ ಅದೇ ಕಾರಣ. ಇಲ್ಲಿನ ಕಾಲೇಜಿಗೆ ಅರ್ಜಿ ಹಾಕಲು ಒಂದ್ ಗಳಿಗೆ ತಡೆದ. ಸೀಟು ತಡೆಯಲಿಲ್ಲ.

ಆಗ ಅವನು ಬಿಸಿಎ ಕೊನೆಯ ವರ್ಷ. ಆ ತರಗತಿಯಲ್ಲಿ ಇಬ್ಬರಿಗೊಂದು ಪ್ರಾಜೆಕ್ಟ್ ಮಾಡಬೇಕು, ಇಬ್ಬರಿಗೂ ಒಂದೇ ಅಂಕ. ನಂಜೇಶನ ಜೋಡಿಯಾಗಿ ಸಿಕ್ಕಿದವಳು ಸೋಸಲೆಯ ಅರ್ಪಿತ. ಭತ್ತದ ಗದ್ದೆಯವರ ಮಗಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಮುಂದೆ ಮೈಸೂರಿನಲ್ಲಿ ಎಂಸಿಎ ಓದಬೇಕು, ತಮ್ಮ ಕಡೆಯ ಶಾಲೆಗಳಿಗೆ ಕಂಪ್ಯೂಟರ್ ಕಲಿಸಬೇಕು ಎಂಬುದು ಅವಳ ಆಸೆ. ವಿಷಯ ಆರಿಸಿದವಳೂ ಅವಳೇ. ನಂಜೇಶನನ್ನು ಒಂದು ವಾರ ಹತ್ತಿರದಿಂದ ನೋಡಿದ ಮೇಲೆ, ಬೇರೆ ವಿಷಯ ಹುಡುಕಿಕೊಂಡು ದೂರ ಹೋಗುವ ಅಗತ್ಯವೇ ಅವಳಿಗೆ ಕಾಣಲಿಲ್ಲ.

"ಓದೋದನ್ನ ನಾಳೆ ನಾಳೆ ಅಂತ ತಳ್ಳೋ ಮಕ್ಕಳಿಗೆ ಒಂದು ಟೈಮರ್ ಆ್ಯಪ್ ಮಾಡೋಣ ಕಣೋ," ಎಂದಳು. "ಸಿಂಪಲ್ಲಾಗಿ. ಒಂದು ಕೆಲಸ, ಸ್ವಲ್ಪ ಹೊತ್ತು, ಅಷ್ಟೊತ್ತು ಫೋನ್ ಬಾಯಿ ಮುಚ್ಕೊಂಡಿರ್ಬೇಕು. ಕೋಡ್ ನಾನ್ ಬರೀತೀನಿ. ಆ್ಯಪ್ ಏನ್ ಮಾಡ್ಬೇಕು, ಹೆಂಗ್ ಕಾಣ್ಬೇಕು ಅನ್ನೋ ಪ್ಲಾನ್ ನಿಂದು."

ಪ್ಲಾನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಂಜೇಶನ ಕಣ್ಣು ಅರ್ಧ ಮುಚ್ಚಿತು. ಕನಸು ಕಾಣುವುದರಲ್ಲಿ ಅವನನ್ನು ಮೀರಿಸುವವರು ಕಪಿಲೆಯ ಈ ದಡದಲ್ಲಿಲ್ಲ, ಆ ದಡದಲ್ಲೂ ಇಲ್ಲ. ಬಸ್ಸಿನ ಕಿಟಕಿಗೆ ಹಣೆ ಆನಿಸಿ ಕೂತರೆ ಸಾಕು, ನಾಲೆಯ ನೀರಿನಲ್ಲಿ ಬಿಸಿಲು ಪುಡಿಯಾಗಿ ತೇಲುವುದು ಕಾಣುತ್ತಿತ್ತು, ಗದ್ದೆಯ ಮೇಲೆ ಬೆಳ್ಳಕ್ಕಿ ಎದ್ದು ಮತ್ತೆ ಅಲ್ಲೇ ಕೂರುತ್ತಿತ್ತು, ಅದರ ನಡುವೆ ಆ್ಯಪು ತಾನಾಗಿಯೇ ಅರಳುತ್ತಿತ್ತು. ಮೊದಲು ಒಂದು ರಸಬಾಳೆ ತೋಟ. ಒಂದು ಪುಟ ಓದಿದರೆ ಒಂದು ಎಲೆ ಬಿಚ್ಚಿಕೊಳ್ಳಬೇಕು, ಪಾಠ ಮುಗಿದರೆ ಗೊನೆ ಇಳಿಯಬೇಕು, ಹಣ್ಣಿನ ಪರಿಮಳ ಫೋನಿನಿಂದ ಹೊರಗೆ ಬರಬೇಕು. ಓದದೆ ಕೂತರೆ ಆನೆ ಬಂದು ತೋಟ ಮೇಯಬೇಕು. ಆನೆಗೊಬ್ಬ ಮಾವುತ ಬೇಕು, ಮಾವುತನಿಗೆ ಒಂದು ಹಾಡು ಬೇಕು. ಜಪಾನಿನ ಮಕ್ಕಳು ನಂಜನಗೂಡಿನ ಹಣ್ಣಿಗಾಗಿ ಗಣಿತ ಮಾಡುವುದನ್ನು ಅವನು ಕಣ್ಣಾರೆ ಕಂಡ. ಬಸ್ ಸ್ಟ್ಯಾಂಡಿನ ಎದುರು ತನ್ನದೊಂದು ಪ್ರತಿಮೆ, ಅದರ ಕೈಯಲ್ಲಿ ಗಡಿಯಾರ, ಕೆಳಗೆ ಪಾಸಾದವರ ಸಂಘದವರು ಹಾರ ಹಿಡಿದು ನಿಂತಿದ್ದನ್ನೂ ಕಂಡ. ಅಷ್ಟರಲ್ಲಿ ಕಂಡಕ್ಟರು ಬಂದು ಭುಜ ಅಲುಗಿಸಿ, ನರಸೀಪುರ ದಾಟಿ ಎಷ್ಟೋ ಹೊತ್ತಾಯಿತು ಎಂದು ತಿಳಿಸಿದ.

ಹೀಗೆ ತಲೆಯಲ್ಲಿ ಆ್ಯಪು ಅರಮನೆಯಷ್ಟು ಬೆಳೆಯಿತು, ಆನೆಯ ಕಥೆ ಅರ್ಪಿತಳ ಕಿವಿಗೂ ಬಿತ್ತು, ಕಾಗದದ ಮೇಲೆ ಮಾತ್ರ ಇರುವೆಯಷ್ಟೂ ಇಳಿಯಲಿಲ್ಲ. ಪ್ಲಾನ್ ಎಲ್ಲಿ ಎಂದು ಅರ್ಪಿತ ಕೇಳಿದಾಗಲೆಲ್ಲ ಉತ್ತರ ಒಂದೇ, ಅದು ನಿಮಗೂ ಈಗ ಬಾಯಿಪಾಠ. ಕೆಲಸ ಮುಂದೂಡುವುದನ್ನು ತಡೆಯುವ ಆ್ಯಪನ್ನೇ ಮುಂದೂಡಿದ ಮನುಷ್ಯ ಮೂರು ಲೋಕದಲ್ಲಿ ಇವನೊಬ್ಬನೇ.

ಬೇಸಿಗೆ ಬಂತು. ಪ್ರಾಜೆಕ್ಟ್ ನೋಡಿಕೊಳ್ಳುವ ಮುರಳೀಧರ ಸರ್ ಇಬ್ಬರನ್ನೂ ಕರೆದು, ಮುಂದಿನ ಶನಿವಾರ ಹೊರಗಿನ ಪರೀಕ್ಷಕರು ಬರುತ್ತಾರೆ, ತೋರಿಸಲು ಏನೂ ಇಲ್ಲದಿದ್ದರೆ ಇಬ್ಬರಿಗೂ ಸೊನ್ನೆ, ಇಬ್ಬರಿಗೂ ವರ್ಷ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದರು. ಬೈದಿದ್ದರೆ ನಂಜೇಶ ಮರೆಯುತ್ತಿದ್ದ. ಮೆಲ್ಲಗೆ ಹೇಳಿದ್ದರಿಂದ ಮರೆಯಲಾಗಲಿಲ್ಲ. ಆದರೂ ಮರುದಿನ ಭಾನುವಾರ ಎದ್ದು ಮೊದಲು ಕೈಗೆತ್ತಿಕೊಂಡದ್ದು ಫೋನನ್ನೇ.

ಆ ಭಾನುವಾರ ಮಧ್ಯಾಹ್ನ ಅರ್ಪಿತ ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಸೀದಾ ನಂಜೇಶನ ಮನೆಗೇ ಬಂದಳು. ಮನೆಯ ಮುಂದುಗಡೆಯೇ ಮಿಲ್ಲು. ರಜೆಯಾದ್ದರಿಂದ ಯಂತ್ರ ನಿಂತಿತ್ತು, ಗಾಳಿಯಲ್ಲಿ ಮಾತ್ರ ಹಿಟ್ಟಿನ ಧೂಳು ಬೆಳದಿಂಗಳ ಹಾಗೆ ತೇಲುತ್ತಿತ್ತು. ಚನ್ನಬಸಮ್ಮ ನಡುಮನೆಯಲ್ಲಿ ಕಾಲು ಚಾಚಿಕೊಂಡು ಕಾಯಿ ತುರಿಯುತ್ತಿದ್ದರು. ಹುಡುಗಿಗೆ ನೀರು ಕೊಟ್ಟು, ಬಂದ ಕಾರಣ ಕೇಳಿದರು. ಫೋನಿನೊಳಗೆ ಓದಿಸುವ ಯಂತ್ರ ಮಾಡುತ್ತಾರೆ ಎಂದು ಗೊತ್ತಾದಾಗ ತುರಿಯುವುದನ್ನು ನಿಲ್ಲಿಸಿದರು.

"ಆ ಫೋನೇ ಕಣವ್ವ ನಮ್ಮ ಉಡುಗನ್ನ ಕೆಡ್ಸಿದ್ದು," ಎಂದರು. "ಈಗ ಅದ್ರೊಳಗೇ ಓದ್ಸಾಕೆ ಒಂಟಿದ್ದೀರ. ಕಳ್ಳನ ಕೈಗೆ ಬೀಗದಕೈ ಕೊಟ್ಟಂಗಾಯ್ತಲ್ಲ."

"ಕಳ್ಳಂಗೇ ಅಲ್ವಾ ಅಜ್ಜಿ ಬೀಗ ಎಲ್ಲೆಲ್ಲಿದೆ ಅಂತ ಗೊತ್ತಿರೋದು," ಎಂದಳು ಅರ್ಪಿತ. "ಅವನನ್ನೇ ಕಾವಲಿಗೆ ಹಾಕ್ತೀವಿ. ಬಾಯ್ ಬಿಡ್ದಂಗೆ ಮೂಲೇಲಿ ಕೂರ್ಬೇಕು, ಅಷ್ಟೇ ಕೆಲಸ."

ಅಜ್ಜಿಗೆ ಮಾತು ಹಿಡಿಸಿತು, ನಂಬಿಕೆ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೋಮಶೇಖರಪ್ಪನವರೂ, ಓದುವವನಿಗೆ ಆ್ಯಪು ಬೇಡ, ಓದದವನಿಗೆ ಆ್ಯಪಿನಿಂದ ಏನೂ ಆಗದು, ಬೆತ್ತವೊಂದೇ ದಾರಿ ಎಂದು ತೀರ್ಪು ಕೊಟ್ಟರು. ಬೆತ್ತ ಎಲ್ಲಿದೆ ಎಂದು ಅಜ್ಜಿ ಕೇಳಿದ್ದಕ್ಕೆ, ಹುಡುಕಬೇಕು, ಒಂದ್ ಗಳಿಗೆ ತಡಿ ಎಂದರು.

ಅರ್ಪಿತ ಲ್ಯಾಪ್‌ಟಾಪ್ ತೆರೆದು ಚಾಪೆಯ ಮೇಲೆ ಕೂತಳು. ನಂಜೇಶ ಗೋಡೆಗೊರಗಿ ಫೋನು ನೋಡುತ್ತಿದ್ದ. ಅವಳು ಬೈಯಲಿಲ್ಲ. ಒಂದೊಂದೇ ಕೇಳಿ ಬರೆದುಕೊಳ್ಳುತ್ತೇನೆ, ಬಾಯಲ್ಲೇ ಹೇಳಿದರೂ ಸಾಕು ಎಂದಳು.

"ಟೈಮರ್ ಎಷ್ಟೊತ್ತು ಓಡ್ಬೇಕು?"

"ಒಂದ್ ಗಳಿಗೆ," ಎಂದ ನಂಜೇಶ, ಫೋನಿನಿಂದ ಕಣ್ಣು ಕೀಳದೆ.

ತಡಿ ಎಂದು ಅವನು ಹೇಳಿದ್ದು. ಅದೇ ಉತ್ತರ ಎಂದುಕೊಂಡಳು ಅವಳು. ಗೋಡೆಯ ಮೇಲಿನ ಕ್ಯಾಲೆಂಡರಿನ ಪಂಚಾಂಗದ ಕಡೆಗೊಮ್ಮೆ ನೋಡಿ, ಬೆರಳಿನಲ್ಲಿ ಲೆಕ್ಕ ಹಾಕಿ, ಕೀಲಿಗಳನ್ನು ಒತ್ತಿಯೇಬಿಟ್ಟಳು.

"ಇಪ್ಪತ್ನಾಲ್ಕು ನಿಮಿಷ. ಚೆನ್ನಾಗಿದೆ ಕಣೋ. ಜಾಸ್ತೀನೂ ಅಲ್ಲ, ಕಮ್ಮೀನೂ ಅಲ್ಲ. ಇದೊಂದಾದ್ರೂ ಯೋಚ್ನೆ ಮಾಡಿದ್ದೀಯಲ್ಲ."

ನಂಜೇಶ ಮೊದಲ ಸಲ ತಲೆ ಎತ್ತಿದ. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತಿನ ಹೊಟ್ಟೆಯಲ್ಲಿ ಇಪ್ಪತ್ನಾಲ್ಕು ನಿಮಿಷ ಕೂತಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಗಳಿಗೆ ಎಂದರೆ ಚಿಟಿಕೆ ಹೊಡೆಯುವಷ್ಟು ಹೊತ್ತು ಎಂದುಕೊಂಡಿದ್ದ. ಹಗಲು ರಾತ್ರಿ ಸೇರಿ ದಿನಕ್ಕೆ ಅರವತ್ತು ಗಳಿಗೆ, ಹಿಂದಿನವರು ಹೊತ್ತು ಅಳೆದದ್ದು ಹಾಗೆಯೇ ಎಂದು ಅರ್ಪಿತ ಬಿಡಿಸಿ ಹೇಳಿದಳು. ಅವನು ದಿನಕ್ಕೆ ನೂರು ಸಲವಾದರೂ ಒಂದ್ ಗಳಿಗೆ ಎನ್ನುತ್ತಾನಲ್ಲ, ಇರುವುದೇ ಅರವತ್ತಾದರೆ ಮಿಕ್ಕ ನಲವತ್ತು ಯಾರ ಆಯಸ್ಸಿನಿಂದ ತೆಗೆಯುತ್ತಿದ್ದಾನೆ ಎಂದೂ ಕೇಳಿದಳು. ನಗುತ್ತಲೇ ಕೇಳಿದ್ದು. ಆಮೇಲೆ ನಗು ನಿಂತಿತು.

"ಸರ್ ನಿನ್ನೆ ಆಮೇಲೆ ನನ್ನೊಬ್ಳನ್ನೇ ಕರ್ದಿದ್ರು," ಎಂದಳು, ಪರದೆಯ ಕಡೆಗೇ ನೋಡುತ್ತಾ. "ಅವನನ್ನ ಬಿಟ್ಟು ಒಬ್ಳೇ ಬೇರೆ ಪ್ರಾಜೆಕ್ಟ್ ಮಾಡ್ಕೊ, ನಾನ್ ಒಪ್ಕೋತೀನಿ ಅಂದ್ರು. ಬೇಡ ಸಾ ಅಂದೆ."

"ಯಾಕಂಗಂದೆ?"

"ನೀನ್ ಮಾಡ್ತೀಯ ಅಂತ."

ಮಿಲ್ಲಿನ ಧೂಳು ನಿಧಾನವಾಗಿ ಇಳಿಯುತ್ತಿತ್ತು. ನಂಜೇಶನಿಗೆ ತನ್ನ ಪ್ರತಿಮೆ ನೆನಪಾಯಿತು. ಈ ಸಲ ಅದರ ಕೈಯಲ್ಲಿದ್ದದ್ದು ಗಡಿಯಾರವಲ್ಲ, ಅರ್ಪಿತಳ ಒಂದು ವರ್ಷ. ಫೋನನ್ನು ಬೋರಲು ಹಾಕಿದ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಹಳೆಯ ಮಾತೇ ಹೊರಡಲು ನೋಡಿತು, ಹಲ್ಲು ಕಚ್ಚಿ ತಡೆದ.

ಅಷ್ಟರಲ್ಲಿ ಅಜ್ಜಿ ಮತ್ತೆ ಬಾಯಿ ಹಾಕಿದರು. ಗಳಿಗೆ ಗಳಿಗೆ ಎಂದು ಕೇಳಿ ಕೇಳಿ ಅವರಿಗೆ ಯಾವುದೋ ಕಾಲದ ಬಾವಿಯಿಂದ ಒಂದು ನೆನಪು ಮೇಲೆ ಬಂದಿತ್ತು.

"ನಮ್ಮಜ್ಜಿ ಯೋಳೋರು ಕಣವ್ವ. ಆಗೆಲ್ಲ ಮದ್ವೆ ಮನೇಲಿ ಗಳಿಗೆ ಬಟ್ಲು ಅಂತ ಮಡಗೋರಂತೆ. ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರ್ ಮೇಲೆ ಬುಟ್ರೆ ನಿಧಾನಕ್ಕೆ ತುಂಬ್ಕಂಡು, ಗುಳುಕ್ ಅಂತ ಮುಳುಗೋದಂತೆ. ಅದು ಮುಳುಗೋಗಂಟ ಎಲ್ರೂ ಅದನ್ನೇ ನೋಡ್ಕಂಡು ಸುಮ್ಕಿರೋರಂತೆ."

ನಂಜೇಶನ ಕಣ್ಣು ಮತ್ತೆ ಅರ್ಧ ಮುಚ್ಚಿತು. ಇನ್ನೊಂದು ಆನೆ ಬಂತು ಎಂದು ಅರ್ಪಿತ ಹೆದರಿದಳು. ಆನೆ ಬರಲಿಲ್ಲ. ಅವನು ಎದ್ದು, ಅಜ್ಜಿಯ ಪಕ್ಕದಲ್ಲಿ ಖಾಲಿಯಾಗಿ ಬಿದ್ದಿದ್ದ ಕಾಯಿ ಕರಟವನ್ನು ಎತ್ತಿಕೊಂಡ.

ಮೊಳೆ ಕಾಯಿಸಿ ಮೊದಲ ಕರಟಕ್ಕೆ ಹಾಕಿದ ತೂತು ಎಷ್ಟು ದೊಡ್ಡದಾಯಿತೆಂದರೆ, ಬಕೆಟ್ಟಿಗೆ ಬಿಡುವ ಮೊದಲೇ ಅದು ಮುಳುಗಿತು ಎನ್ನಬೇಕು. ಎರಡನೆಯದು ಅಜ್ಜಿ ಒಂದು ಸೀನು ಸೀನುವಷ್ಟರಲ್ಲಿ ಹೋಯಿತು. ಬೆತ್ತ ಹುಡುಕಲು ಹೋಗಿದ್ದ ಸೋಮಶೇಖರಪ್ಪನವರು ಬರಿಗೈಯಲ್ಲಿ ಬಂದವರು, ಇವರ ಕೆಲಸ ನೋಡಲಾರದೆ ಮಿಲ್ಲಿನಿಂದ ಗೋಣಿ ಹೊಲಿಯುವ ದಬ್ಬಳ ತಂದರು. ಅದರ ತುದಿ ಕಾಯಿಸಿ ತೂತು ಮಾಡಿ, ಮೇಣ ಮೆತ್ತಿ ಕಿರಿದಾಗಿಸಿ, ಫೋನಿನ ಗಡಿಯಾರದ ಜೊತೆ ತಾಳೆ ನೋಡಿ, ಸಂಜೆಯ ಹೊತ್ತಿಗೆ ಕರಟ ಸುಮಾರಾಗಿ ಒಂದು ಗಳಿಗೆಗೇ ಮುಳುಗುವಂತಾಯಿತು. ಅದು ಮುಳುಗುವಾಗ ಬಂದ ಸದ್ದು ಕೇಳಿ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಪಿಲೆಯ ತಳದಲ್ಲಿ ಯಾವುದೋ ಮೀನು ಹೂಂ ಎಂದ ಹಾಗಿತ್ತು.

"ಆ್ಯಪ್‌ನಾಗೆ ಇಷ್ಟೇ ಇರ್ಲಿ," ಎಂದ ನಂಜೇಶ. "ಒಂದು ಕರಟ. ನೀರು. ಗುಳುಕ್."

"ಆನೆ?"

"ಆನೆ ಬೇಡ. ಆನೆ ಬಂದ್ರೆ ನಾನು ಆನೇನೇ ನೋಡ್ಕಂಡ್ ಕೂತ್ಬುಡ್ತೀನಿ."

ಆ ಮಾತಿಗೆ ಅರ್ಪಿತ ಮನಸ್ಸಿನಲ್ಲೇ ಹಾರ ಹಾಕಿದಳು. ನೋಡುತ್ತಾ ಕೂರುವಂತಿದ್ದರೆ ಅದೂ ಇನ್ನೊಂದು ವಿಡಿಯೋ ಆಗುತ್ತದೆ. ಬಹುಮಾನ, ಪದಕ, ಯಾರು ಮುಂದೆ ಯಾರು ಹಿಂದೆ ಎಂಬ ಪಟ್ಟಿ, ಎಲ್ಲವೂ ಫೋನನ್ನು ಮತ್ತೆ ಮತ್ತೆ ಎತ್ತಿ ನೋಡಿಸುವ ಉಪಾಯಗಳೇ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಆದರೆ ಅದು ಅವನ ಬಾಯಿಂದ ಬರಲೆಂದು ಕಾದಿದ್ದಳು.

ಆದರೂ ಪ್ಲಾನ್ ಬರೆಯಲು ಕೂರಬೇಕಲ್ಲ. ಇಪ್ಪತ್ನಾಲ್ಕು ನಿಮಿಷ ಎಂದಾಗಲೇ ನಂಜೇಶನ ಮುಖ ಹುಣಸೆಹಣ್ಣಾಯಿತು. ಅಷ್ಟು ಹೊತ್ತು ಒಂದೇ ಕಡೆ ಕೂತರೆ ಬೇರು ಬಿಡುತ್ತೇನೆ ಎಂದ. ಹಾಗಾದರೆ ಅರೆಗಳಿಗೆ ಕೂರು, ಹನ್ನೆರಡು ನಿಮಿಷ, ಕರಟಕ್ಕೆ ಅರ್ಧ ನೀರು ಮೊದಲೇ ತುಂಬಿಸಿ ಬಿಡುತ್ತೇನೆ ಎಂದಳು ಅರ್ಪಿತ. ಕೂರುವ ಮೊದಲು ಏನು ಮಾಡುತ್ತೀಯ ಎಂಬುದನ್ನು ಒಂದೇ ಸಾಲಿನಲ್ಲಿ ಬಾಯಿಬಿಟ್ಟು ಹೇಳಬೇಕು ಎಂದಳು. ಆ್ಯಪ್ ಮಾಡುತ್ತೇನೆ ಎಂದ ನಂಜೇಶ. ಅದು ಕೆಲಸವಲ್ಲ, ಕನಸು. ಕೈಗೆ ಹಿಡಿಸುವಷ್ಟು ಚಿಕ್ಕದು ಹೇಳು ಎಂದಳು. ಯೋಚಿಸಿ, ಮೊದಲ ಪರದೆಯ ಚಿತ್ರ ಬರೆಯುತ್ತೇನೆ ಎಂದ. ಆಗ ಕರಟ ನೀರಿಗಿಳಿಯಿತು.

ಆಮೇಲೆ ನಡೆದ ಯುದ್ಧವನ್ನು ಬಣ್ಣಿಸಲು ಸಾವಿರ ನಾಲಿಗೆಯ ಆದಿಶೇಷನಿಗೂ ಕಷ್ಟ. ಫೋನು ಬೋರಲಾಗಿ ಕಪಾಟಿನಲ್ಲಿತ್ತು, ಆದರೂ ಅದು ಕರೆಯುತ್ತಿದೆ ಎಂದು ಅವನ ಹೆಬ್ಬೆರಳು ತಾನಾಗಿ ತುಡಿಯಿತು. ಬೀದಿಯಲ್ಲಿ ಗೆಳೆಯ ರಘು ಬೈಕಿನ ಹಾರನ್ ಬಾರಿಸಿ, ಹೊಳೆಗೆ ಹೋಗೋಣ ಬಾರ್ಲಾ ಎಂದು ಕೂಗಿದ.

"ಒಂದ್ ಗಳಿಗೆ ಕಣ್ಲಾ," ಎಂದು ನಂಜೇಶ ಕೂತಲ್ಲಿಂದಲೇ ಕೂಗಿದ. ಕೂಗಿದ್ದೇ ತಡ, ಪೆನ್ಸಿಲ್ಲು ಹಿಡಿದ ಕೈ ಹಾಗೆಯೇ ನಿಂತಿತು.

ಇಷ್ಟು ವರ್ಷ ಆ ಮಾತನ್ನು ಅವನು ಪುಸ್ತಕಕ್ಕೆ ಹೇಳುತ್ತಿದ್ದ, ಅಜ್ಜಿಗೆ ಹೇಳುತ್ತಿದ್ದ, ಅರ್ಪಿತಳಿಗೆ ಹೇಳುತ್ತಿದ್ದ. ಹೊಳೆಗೆ, ಹರಟೆಗೆ, ಫೋನಿಗೆ ಒಮ್ಮೆಯೂ ಹೇಳಿರಲಿಲ್ಲ. ಈಗ ಮಾತು ಅದೇ, ಮುಖ ತಿರುಗಿತ್ತು. ಬೇರೆ ಏನನ್ನೂ ಕಲಿಯಬೇಕಿರಲಿಲ್ಲ. ಮುಂದೂಡುವ ವಿದ್ಯೆಯಲ್ಲಿ ಅವನು ಮೊದಲೇ ಪಂಡಿತ, ಯಾವುದನ್ನು ಮುಂದೂಡಬೇಕು ಎಂಬುದನ್ನಷ್ಟೇ ಬದಲಾಯಿಸಬೇಕಿತ್ತು. ಮನಸ್ಸು ಪ್ರತಿಮೆಯ ಕಡೆಗೆ ಹೊರಟಿತು. ಒಂದ್ ಗಳಿಗೆ ಎಂದ. ಪ್ರತಿಮೆ ಕಾಯುತ್ತಾ ನಿಂತಿತು. ಜಪಾನಿನ ಮಕ್ಕಳು ನೆನಪಾದರು. ಅವರನ್ನೂ ಜಗಲಿಯಲ್ಲಿ ಕೂರಿಸಿದ.

ಸುತ್ತ ಎಲ್ಲವೂ ನೀರೊಳಗಿನ ಹಾಗೆ ಆಯಿತು. ಬೀದಿಯ ಸದ್ದು ದೂರ ಹೋಯಿತು. ಕರಟದೊಳಗೆ ನೀರು ಏರುವುದು ಕಾಣುತ್ತಿರಲಿಲ್ಲ, ಆದರೂ ಏರುತ್ತಿತ್ತು. ಕಾಗದದ ಮೇಲೆ ಗೆರೆ ಗೆರೆಯಾಗಿ ಒಂದು ಹೊಳೆ ಮೂಡಿತು, ಅದರ ನಡುವೆ ಒಂದು ಪುಟ್ಟ ಕರಟ. ಗುಳುಕ್ ಎಂದಾಗ ಅವನಿಗೆ ಸಿಟ್ಟೇ ಬಂತು. ಇಷ್ಟು ಬೇಗ ಮುಳುಗಿತಾ ಎಂದ.

ತಡೆ ಹಾಕಿದವರು ಯಾರು ಎಂದು ಲೆಕ್ಕ ತೆಗೆದಾಗ ಎಲ್ಲರಿಗಿಂತ ಮುಂದೆ ನಿಂತದ್ದು ಅಜ್ಜಿ. ಆ ಅರೆಗಳಿಗೆಯಲ್ಲೇ ಟೀವಿ ಹಾಕು, ಕನ್ನಡಕ ಎಲ್ಲಿ, ಅಂಗಡಿಯಿಂದ ಕೊತ್ತಂಬರಿ ತಾ ಎಂದು ಅವರು ಮೊಮ್ಮಗನನ್ನು ಬೆನ್ನು ಬೆನ್ನಿಗೆ ಕರೆದಿದ್ದರು. ಮನೆಯವರು ಸುಮ್ಮನಿರದಿದ್ದರೆ ಯಾವ ಆ್ಯಪೂ ನಡೆಯದು ಎಂದು ಅರ್ಪಿತ ಮೆದುವಾಗಿ ಹೇಳಿದಳು. ಕರಟ ತೇಲುತ್ತಿರುವಾಗ ಈ ಮನೆಯಲ್ಲಿ ಕೊತ್ತಂಬರಿ ಇಲ್ಲದೆಯೇ ಸಾರು ಕುದಿಯುತ್ತದೆ ಎಂದು ಚನ್ನಬಸಮ್ಮ ಅಲ್ಲೇ ಕಾನೂನು ಮಾಡಿದರು.

ಆ ವಾರ ನಂಜೇಶ ಮಾಡಿದ ಸಾಧನೆಯನ್ನು ಕೇಳಿದರೆ ಋಷಿಗಳು ತಪಸ್ಸು ಬಿಟ್ಟು ಎದ್ದು ಬರುತ್ತಾರೆ. ಮೊದಲು ಅರೆಗಳಿಗೆ, ಆಮೇಲೆ ಪೂರಾ ಗಳಿಗೆ. ಮುಳುಗಿದ ಮೇಲೆ ಕಾಲು ಗಳಿಗೆ ಬಿಡುವು. ಆ ಆರು ನಿಮಿಷದಲ್ಲಿ ಎದ್ದು ನೀರು ಕುಡಿಯುವುದು, ಬಾಗಿಲಿಗೆ ಹೋಗಿ ಆಕಾಶ ನೋಡುವುದು, ಫೋನು ಮಾತ್ರ ಮುಟ್ಟುವಂತಿಲ್ಲ. ನಡುವೆ ಬೇರೆ ಕೆಲಸ ನೆನಪಾದರೆ ಒಂದು ಚೀಟಿಯಲ್ಲಿ ಗೀಚಿ ಪಕ್ಕಕ್ಕಿಡುವುದು. ಮಂಗಳವಾರ ಅವನು ನಡುವೆಯೇ ಎದ್ದು ಹೋಗಿ ಕ್ರಿಕೆಟ್ ಸ್ಕೋರು ನೋಡಿ ಬಂದು, ಕಳ್ಳನ ಹಾಗೆ ನಿಂತ. ಯಾರೂ ಬೈಯಲಿಲ್ಲ. ಅಜ್ಜಿ ಕರಟದ ನೀರು ಚೆಲ್ಲಿ ಮತ್ತೆ ತೇಲಿಬಿಟ್ಟರು. ಅದನ್ನೂ ನಂಜೇಶ ಪ್ಲಾನಿಗೆ ಸೇರಿಸಿದ. ನಡುವೆ ಬಿಟ್ಟವನಿಗೆ ಆ್ಯಪು ಕೆಂಪು ಅಕ್ಷರದಲ್ಲಿ ಸೋತೆ ಎಂದು ಹೇಳಕೂಡದು. ನೀರು ಚೆಲ್ಲಿ, ಮತ್ತೆ ತೇಲಿಸಲಾ ಎಂದು ಕೇಳಬೇಕು.

ಅವನ ಪ್ಲಾನು, ಅರ್ಪಿತಳ ಕೋಡು ಸೇರಿ ಆ್ಯಪು ತಯಾರಾಯಿತು. ತೆರೆದರೆ ಒಂದು ಸಾಲು: ಈಗ ಏನು ಮಾಡ್ತೀರಿ? ಬರೆದು ಒತ್ತಿದರೆ ಕರಟ ತೇಲುತ್ತದೆ, ಫೋನು ಮೌನವಾಗುತ್ತದೆ. ಯಾರಾದರೂ ಮೆಸೇಜು ಕಳಿಸಿದರೆ ಫೋನೇ ಅವರಿಗೆ 'ಒಂದ್ ಗಳಿಗೆ' ಎಂದು ಉತ್ತರ ಕೊಡುತ್ತದೆ. ಇಷ್ಟೇ.

ಶನಿವಾರ ನಂಜೇಶ ಬಸ್ಸಿಗಿಂತ ಮೊದಲೇ ಬಸ್ ಸ್ಟ್ಯಾಂಡಿನಲ್ಲಿದ್ದ. ಅದನ್ನು ಕಂಡ ಕಂಡಕ್ಟರು ತನ್ನ ಗಡಿಯಾರವೇ ಕೆಟ್ಟಿದೆ ಎಂದು ಅದನ್ನು ಕಿವಿಗೆ ಹಿಡಿದು ನೋಡಿದನಂತೆ.

ಹೊರಗಿನ ಪರೀಕ್ಷಕರು ಬದರೀನಾರಾಯಣ ಎಂಬವರು. ಕಂಪ್ಯೂಟರ್ ಲ್ಯಾಬಿನ ಮೇಜಿನ ಮೇಲೆ ಅವರು ಓದಿ ಸಹಿ ಹಾಕಬೇಕಾದ ವರದಿಗಳು ಗೋಪುರದಷ್ಟು ಎತ್ತರಕ್ಕೆ ಬಿದ್ದಿದ್ದವು. ಅವರು ಬೆಳಗಿನಿಂದ ಅದನ್ನು ನೋಡಿ ನಿಟ್ಟುಸಿರು ಬಿಡುವುದು, ಫೋನು ನೋಡುವುದು, ಕಾಫಿ ಕುಡಿಯುವುದು, ಮತ್ತೆ ಗೋಪುರ ನೋಡುವುದು, ಇದನ್ನೇ ಮಾಡುತ್ತಿದ್ದರು. ನಂಜೇಶನ ಸರದಿ ಬಂದಾಗ, ನಿಮ್ಮ ಆ್ಯಪು ಕೆಲಸ ಮಾಡುತ್ತದೆ ಎಂದು ಹೇಗೆ ನಂಬುವುದು, ಬೇಗ ತೋರಿಸಿ ಎಂದರು.

"ಒಂದ್ ಗಳಿಗೆ ಸಾ," ಎಂದ ನಂಜೇಶ.

ಮುರಳೀಧರ ಸರ್ ಹಣೆ ಮುಟ್ಟಿಕೊಂಡರು. ಅರ್ಪಿತಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಮೈಸೂರು, ಎಂಸಿಎ, ಊರಿನ ಶಾಲೆ, ಎಲ್ಲವೂ ಅವಳ ಕಣ್ಣ ಮುಂದೆ ನೀರಿನಲ್ಲಿ ಕರಗಿದವು.

ನಂಜೇಶ ಮಾತ್ರ ಮೇಜಿನ ಹತ್ತಿರ ಹೋಗಿ ತನ್ನ ಫೋನು ಇಟ್ಟ.

"ತಡೀರಿ ಅಂತಲ್ಲ ಸಾ. ಇದಕ್ಕೆ ಬೇಕಾಗಿರೋದು ಒಂದ್ ಗಳಿಗೆ. ಇಪ್ಪತ್ನಾಲ್ಕು ನಿಮಿಷ. ಅದಕ್ಕಿಂತ ಕಮ್ಮೀಲಿ ತೋರ್ಸಿದ್ರೆ ಸುಳ್ಳಾಯ್ತದೆ. ನೀವೇ ನೋಡ್ಬುಡಿ. ಆ ವರದೀಲಿ ಯಾವುದಾದ್ರೂ ಒಂದು ತಗಳಿ. ನಿಮ್ಮ ಫೋನೂ ಇಲ್ಲಿಡಿ."

ಬದರೀನಾರಾಯಣ ಸರ್ ಕನ್ನಡಕದ ಮೇಲಿಂದ ಹುಡುಗನನ್ನು ನೋಡಿದರು. ಗೋಪುರವನ್ನು ನೋಡಿದರು. ಏನೋ ಮನಸ್ಸಾಗಿ ತಮ್ಮ ಫೋನನ್ನು ಬೋರಲು ಹಾಕಿದರು. ಏನು ಮಾಡುತ್ತೀರಿ ಎಂಬ ಸಾಲಿನಲ್ಲಿ, ಮೊದಲ ವರದಿ ಓದುತ್ತೇನೆ ಎಂದು ತಾವೇ ಬರೆದರು. ಕರಟ ತೇಲಿತು.

ಕಿಟಕಿಯಾಚೆ ಹೊಂಗೆಯ ನೆರಳು ಗೋಡೆಯ ಮೇಲೆ ಅಲೆಯ ಹಾಗೆ ಆಡುತ್ತಿತ್ತು. ಫ್ಯಾನು ತಿರುಗುತ್ತಿತ್ತು. ದೂರದಲ್ಲಿ ಸಂಗಮದ ಕಡೆಯ ಗಾಳಿಗೆ ತೇವದ ವಾಸನೆ. ಹಾಳೆ ಮಗುಚುವ ಸದ್ದು ಮೊದಲು ಆಗೊಮ್ಮೆ ಈಗೊಮ್ಮೆ, ಆಮೇಲೆ ಮಳೆ ಹಿಡಿದ ಹಾಗೆ ಒಂದೇ ಸಮ. ಆ ಹೊತ್ತು ತಿರುಮಕೂಡಲಿನಲ್ಲಿ ಕಪಿಲೆ, ಕಾವೇರಿ ಎರಡೂ ಹರಿಯುವುದನ್ನು ನಿಲ್ಲಿಸಿ ಕಿವಿಗೊಟ್ಟವು ಎಂದು ಕಂಡವರು ಹೇಳುತ್ತಾರೆ.

ಗುಳುಕ್.

ಬದರೀನಾರಾಯಣ ಸರ್ ತಲೆ ಎತ್ತಿದಾಗ ಯಾವುದೋ ಊರಿಗೆ ಹೋಗಿ ಬಂದವರ ಹಾಗಿದ್ದರು. ಗೋಪುರ ಒಂದು ಗೇಣು ಕುಗ್ಗಿತ್ತು. ಕಾಲು ಗಳಿಗೆ ಬಿಡುವು ಎಂದು ನಂಜೇಶ ನೆನಪಿಸಿದಾಗ, ಶಾಲೆ ಬಿಟ್ಟ ಹುಡುಗನ ಹಾಗೆ ಎದ್ದು ಕಿಟಕಿಗೆ ಹೋದರು. ವಾಪಸು ಬಂದು ಅಂಕದ ಹಾಳೆಯಲ್ಲಿ ಏನೋ ಬರೆದು ಮುರಳೀಧರ ಸರ್ ಕಡೆಗೆ ತಳ್ಳಿದರು. ಅದನ್ನು ಓದಿ ಸರ್ ಅರ್ಪಿತಳ ಕಡೆಗೆ ನೋಡಿ ನಕ್ಕು ತಲೆಯಾಡಿಸಿದರು. ಅವಳು ಆಗ ಬಗ್ಗಿ ಪೆನ್ನು ಎತ್ತಿಕೊಂಡಳು.

"ಆ ಆ್ಯಪ್ ನನ್ನ ಫೋನಿಗೂ ಹಾಕ್ಕೊಡಪ್ಪ," ಎಂದರು ಪರೀಕ್ಷಕರು.

"ಈಗ್ಲೇ ಸಾ," ಎಂದ ನಂಜೇಶ. ಈಗಲೇ ಎಂಬ ಮಾತು ಅವನ ಬಾಯಿಂದ ಬಂದದ್ದು ಜನ್ಮದಲ್ಲಿ ಅದೇ ಮೊದಲು.

ಈಗ ಅರ್ಪಿತ ಮೈಸೂರಿನಲ್ಲಿ ಓದುತ್ತಿದ್ದಾಳೆ. ಸೋಮಶೇಖರಪ್ಪನವರ ಮಿಲ್ಲಿನ ಮುಂದೆ ಒಂದು ಬೋರ್ಡು ಬಂದಿದೆ: 'ಇಲ್ಲಿ ಒಂದ್ ಗಳಿಗೆ ಅಂದರೆ ಇಪ್ಪತ್ನಾಲ್ಕೇ ನಿಮಿಷ'. ಜಗಲಿಯಲ್ಲಿ ಮದುವೆ ಕುದುರುವುದು ಕಡಿಮೆಯಾಗಿದೆ ಎಂಬ ದೂರನ್ನು ಬಿಟ್ಟರೆ ಗಿರಾಕಿಗಳು ಸುಖವಾಗಿದ್ದಾರೆ. ಚನ್ನಬಸಮ್ಮ ಬೀದಿಯ ಮಕ್ಕಳಿಗೆಲ್ಲ ಕರಟ ತೂತು ಮಾಡಿ ಹಂಚುತ್ತಾರೆ. ಸಂಜೆ ಆ ಬೀದಿಯಲ್ಲಿ ನಡೆದು ಹೋದರೆ ಮನೆಮನೆಯಿಂದ ಗುಳುಕ್, ಗುಳುಕ್ ಎಂದು ಕೇಳುತ್ತದೆ. ಕಪ್ಪೆಗಳು ತಮಗೆ ಪೈಪೋಟಿ ಬಂತೆಂದು ಊರು ಬಿಟ್ಟಿವೆ.

ಓದುವ ತಮ್ಮಂದಿರೇ, ತಂಗಿಯರೇ, ನಿಮ್ಮ ನಾಲಿಗೆಯ ಮೇಲೂ ಆ ಮಾತು ಇದ್ದೇ ಇದೆ. ಅದನ್ನು ಬಿಡಬೇಡಿ, ತಿರುಗಿಸಿ. ಪುಸ್ತಕಕ್ಕೆ ಹೇಳುವುದನ್ನು ಫೋನಿಗೆ ಹೇಳಿ. ಒಂದೇ ಒಂದು ಚಿಕ್ಕ ಕೆಲಸ ಆರಿಸಿ, ಫೋನನ್ನು ಬೋರಲು ಹಾಕಿ, ಒಂದು ಗಳಿಗೆ ಕೂತು ನೋಡಿ. ಕಷ್ಟವಾದರೆ ಅರೆಗಳಿಗೆ. ನಡುವೆ ಎದ್ದುಬಿಟ್ಟರೆ ನಾಚಿಕೆ ಬೇಡ, ನೀರು ಚೆಲ್ಲಿ ಮತ್ತೆ ತೇಲಿಬಿಡಿ. ಫೋನು ಇಲ್ಲದವರಿಗೆ ಅಡುಗೆಮನೆಯ ಕರಟ ಇದೆ. ಅಪ್ಪ ಅಮ್ಮಂದಿರೇ, ಅಜ್ಜಿಯರೇ, ಅಷ್ಟು ಹೊತ್ತು ಕೊತ್ತಂಬರಿ ಇಲ್ಲದ ಸಾರು ಉಣ್ಣಿ.

ಕೂರಲು ನಮ್ಮಿಂದಾಗದು ಎನ್ನುತ್ತೀರಾ? ಈ ಕಥೆ ಓದಲು, ಇಲ್ಲವೇ ಓದಿಸಿ ಕೇಳಲು, ನಿಮಗೆ ಹಿಡಿದದ್ದು ಹೆಚ್ಚುಕಡಿಮೆ ಒಂದು ಗಳಿಗೆ. ಕೂತೇ ಇದ್ದಿರಲ್ಲ.

ಗುಳುಕ್. ಏಳಿ, ನೀರು ಕುಡಿದು ಬನ್ನಿ. ಮುಂದಿನ ಗಳಿಗೆ ನಿಮ್ಮ ಪುಸ್ತಕದ್ದು.